ಖಂಡೆ ಪೂಜೆಯ ದಿನದ ಕೋಡಿಂಗ್ ಕ್ಲಾಸು

ಸಾಲ ಕೊಡುವವನು ಯಾವಾಗ ತೀರಿಸುತ್ತೀಯೆಂದು ಕೇಳಿ ಸುಮ್ಮನಾಗುತ್ತಾನೆ. ಅನುದಾನ ಕೊಡುವವರು ಹಾಗಲ್ಲ, ನಿಮ್ಮ ಕನಸೇನು ಎಂದು ಕೇಳುತ್ತಾರೆ. ನನಗೋ ದಿಂಬಿಗೆ ತಲೆ ಕೊಟ್ಟರೆ ಕನಸೂ ಬೀಳದಂಥ ನಿದ್ದೆ. ಆದರೂ ವರ್ಷಕ್ಕೊಮ್ಮೆ ಕಷ್ಟಪಟ್ಟು ಕನಸು ಕಂಡು ಕಳಿಸುತ್ತೇನೆ. ಬಸವಕಲ್ಯಾಣದಲ್ಲಿ ನಾನು ನಡೆಸುವ ಕೋಡಿಂಗ್ ಕ್ಲಾಸು ಉಸಿರಾಡುವುದೇ ಆ ಅನುದಾನದಿಂದ. ಅದು ಮುಚ್ಚಿದರೆ ನಾನು ಹುಮನಾಬಾದಿನ ಮನೆಯಲ್ಲಿ ಹಾಯಾಗಿ ಮಲಗಬಹುದು. ಆದರೆ ಕೊಹಿನೂರ, ನಾರಾಯಣಪುರದಿಂದ ಬರುವ ಹುಡುಗಿಯರಿಗೆ ಕಂಪ್ಯೂಟರ್ ಮುಟ್ಟಲು ಸಿಗುವುದು ಅದೊಂದೇ ಕೋಣೆಯಲ್ಲಿ.

ಈ ಸಲ ಅನುದಾನದವರು, ಕ್ಲಾಸು ನಡೆಯುವುದನ್ನು ಕಣ್ಣಾರೆ ನೋಡಿಯೇ ತೀರ್ಮಾನಿಸುತ್ತೇವೆ ಎಂದರು. ಎಲ್ಲ ಹುಡುಗಿಯರೂ ಬರಲೆಂದು ನಾನೇ ಜಾಣತನದಿಂದ ಒಂದು ರಜೆಯ ದಿನ ಗೊತ್ತು ಮಾಡಿದೆ. ಯಾತರ ರಜೆ ಎಂದು ನೋಡುವ ಅಭ್ಯಾಸ ನನಗಿಲ್ಲ. ಅವರ ಪರವಾಗಿ ಬೆಂಗಳೂರಿನಿಂದ ಬಂದ ವಿನೋದ್ ಎಂಬ ತರುಣನನ್ನು ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಎದುರುಗೊಂಡಾಗ ಬಸ್ಸುಗಳ ಮೂತಿಗೆಲ್ಲ ಚೆಂಡುಹೂವಿನ ಮಾಲೆಯಿತ್ತು. ಆಗಲೂ ನನ್ನ ತಲೆಯಲ್ಲಿ ದೀಪ ಹತ್ತಲಿಲ್ಲ.

ಬಸವಕಲ್ಯಾಣದಲ್ಲಿ ಕೋಣೆಗೆ ಕಾಲಿಟ್ಟಾಗ ಹತ್ತಿತು: ಅಂದು ಆಯುಧಪೂಜೆ, ನಮ್ಮ ಕಡೆಯ ಖಂಡೆ ಪೂಜೆ. ಕಂಪ್ಯೂಟರುಗಳೆಲ್ಲ ವಿಭೂತಿ, ಕುಂಕುಮ ಹಚ್ಚಿಕೊಂಡು, ಮಾಲೆ ಹಾಕಿಕೊಂಡು ಕೂತಿದ್ದವು. ಮೌಸುಗಳು ವೀಳ್ಯದೆಲೆಯ ಮೇಲೆ ಮಲಗಿದ್ದವು.

"ಶುರು ಮಾಡ್ರಮ್ಮಾ" ಎಂದೆ.

ಕೊಹಿನೂರಿನ ರೇಖಾ ನನ್ನನ್ನು ಕನಿಕರದಿಂದ ನೋಡಿದಳು. "ಹ್ಯಾಂಗ್ ಮಾಡಬೇಕ್ರಿ ಸರ್? ಖಂಡೆ ಪೂಜಿಗಿ ಇಟ್ಟೇವಿ. ಇವತ್ತ ಮುಟ್ಟಂಗಿಲ್ರಿ. ನಮ್ಮಪ್ಪ ಕಳೆ ತಗಿಯೋ ಕುರ್ಪಿ ಸೈತ ಮುಟ್ಟಿಲ್ಲ."

ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ? ಅವರಪ್ಪ ನೇಗಿಲಿಗೆ ಕೊಡುವ ಮರ್ಯಾದೆಯನ್ನು ಇವರು ನನ್ನ ಹಳೇ ಕಂಪ್ಯೂಟರಿಗೆ ಕೊಟ್ಟಿದ್ದರು. ಅದನ್ನು ನೋಡಿ ನಿಜಕ್ಕೂ ಕಣ್ಣು ತುಂಬಿತು.

ವಿನೋದ್ ಮೆಲ್ಲಗೆ, "ಕ್ಲಾಸ್ ನೋಡದೆ ನಾನು ಏನಂತ ಬರೆಯಲಿ ಸರ್? ಸಾಯಂಕಾಲ ವಾಪಸ್ ಹೋಗಬೇಕು" ಎಂದ. ಅವನ ಮುಖವೂ ಸಪ್ಪಗಾಗಿತ್ತು.

ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹುಡುಗಿಯರು ಮನೆಯಿಂದ ತಂದ ಹೋಳಿಗೆ ಬಡಿಸಿದರು. ವಿನೋದ್ "ಸಾಕು" ಎಂದ. ರೇಖಾ ಇನ್ನೊಂದು ಹಾಕಿದಳು. "ಸಾಕಮ್ಮಾ" ಎಂದ. ಮತ್ತೊಂದು ಬಿತ್ತು, ಮೇಲೆ ತುಪ್ಪ.

"ಇದು ನಿಲ್ಲೋದು ಯಾವಾಗ?" ಎಂದು ಅವನು ಅಂಗಲಾಚಿದ.

"ಕಂಡೀಷನ್ ಬರೋತನಾ ಲೂಪ್ ನಿಲ್ಲಂಗಿಲ್ರಿ ಸರ್" ಎಂದಳು ರೇಖಾ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದಕ್ಕೆ ಕೋಡಿಂಗಿನಲ್ಲಿ ಲೂಪ್ ಎನ್ನುತ್ತಾರೆ; ಅದು ಯಾವಾಗ ನಿಲ್ಲಬೇಕೆಂಬ ಷರತ್ತೇ ಕಂಡೀಷನ್. ಅದನ್ನು ಕಲಿಸಿದವನು ನಾನೇ, ಆದರೆ ಹೋಳಿಗೆಗೆ ಅನ್ವಯಿಸಿದ್ದು ನಾನಲ್ಲ.

ವಿನೋದ್ ನೆಟ್ಟಗೆ ಕೂತ. "ಸಾಕು ಅಂದೆನಲ್ಲ, ಅದು ಕಂಡೀಷನ್ ಅಲ್ವಾ?"

"ಅಲ್ರಿ. ನಮ್ಮ ಕಡಿ ಸಾಕು ಅಂದ್ರ ನಾಚಿಕಿ. ಕೈ ಅಡ್ಡ ಹಿಡದ್ರ ಖರೇ ಸಾಕು." ರೇಖಾ ಎದ್ದು ಕರಿಹಲಗೆಯ ಮೇಲೆ ಬರೆದೇಬಿಟ್ಟಳು: ಕೈ ಅಡ್ಡ ಬರುವವರೆಗೆ ಹೋಳಿಗೆ ಹಾಕು.

ನಾರಾಯಣಪುರದ ಲಕ್ಷ್ಮಿ ಕೂತಲ್ಲಿಂದಲೇ ಕೂಗಿದಳು: "ಬುಟ್ಟಿ ಖಾಲಿ ಆದ್ರ ಏನ್ ಹಾಕ್ತಿ? ಅದನ್ನ ಮೊದಲ ನೋಡಬೇಕ!"

ಅಳಿಸಿದರು, ಬರೆದರು. ಸಕ್ಕರೆ ಕಾಯಿಲೆಯವರಿಗೆ ಬೇರೆ ಸಾಲು ಬೇಕೆಂದು ಜಗಳ ಎದ್ದಿತು. ಅಷ್ಟರಲ್ಲಿ ವಿನೋದನೂ ತುಪ್ಪದ ಕೈಯಲ್ಲೇ ಸೀಮೆಸುಣ್ಣ ಹಿಡಿದು ಅವರ ನಡುವೆ ನಿಂತಿದ್ದ. ಬಸ್ಸಿನ ನೆನಪು ಯಾರಿಗೂ ಇರಲಿಲ್ಲ. ಹೊರಡುವಾಗ ಅವನು, "ಇಷ್ಟು ಜೋರಾಗಿ ನಡೆಯೋ ಕ್ಲಾಸ್ ನಾನು ನೋಡಿರಲಿಲ್ಲ ಸರ್" ಎಂದ. ನಾನು ಬಾಗಿಲ ಹಿಂದೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಅನುದಾನ ಬಂತು. ಜೊತೆಗೇ, ಮುಂದಿನ ವರ್ಷದ ಕನಸನ್ನು ಈಗಿನಿಂದಲೇ ಬರೆದು ಕಳಿಸಿ ಎಂಬ ಸೂಚನೆಯೂ ಬಂತು. ನಾನು ಕಂಪ್ಯೂಟರಿನ ಮುಂದೆ ಕೂತು, "ಸಾಕಪ್ಪಾ ಸಾಕು, ಇದೇ ಕೊನೆ!" ಎಂದು ಮನೆಯೆಲ್ಲ ಕೇಳುವಂತೆ ಕೂಗಿದೆ.

ಹೋಳಿಗೆಯ ಕಥೆಯನ್ನು ನನ್ನ ಬಾಯಿಂದಲೇ ಹತ್ತಾರು ಸಲ ಕೇಳಿದ್ದ ಹೆಂಡತಿ ಅಡುಗೆಮನೆಯಿಂದ ಕೇಳಿದಳು: "ಕೈ ಅಡ್ಡ ಹಿಡದೀರೇನ್ರಿ?"

ನೋಡಿಕೊಂಡೆ. ಎರಡೂ ಕೈ ಆಗಲೇ ಕೀಬೋರ್ಡಿನ ಮೇಲಿದ್ದವು.