ಒಂದು ಕಾಲಿನ ಉಣ್ಣೆ

ನನಗೆ ಧೈರ್ಯ ಬಹಳ, ಆದರೆ ಅದೆಲ್ಲ ಬೇರೆಯವರ ನೋವಿನ ವಿಷಯದಲ್ಲಿ. ಶಾಲೆಯಲ್ಲಿ ಮಕ್ಕಳಿಗೆ ಇಂಜೆಕ್ಷನ್ ಹಾಕುವಾಗ "ಇರುವೆ ಕಚ್ಚಿದ ಹಾಗೆ ಅಷ್ಟೇ ಕಣೋ" ಎನ್ನುವ ಟೀಚರು ನಾನೇ. ನನ್ನದೇ ಕಾಲಿನ ಕೂದಲು ಕೀಳುವ ಪ್ರಸಂಗ ಬಂದಾಗ ಆ ಧೈರ್ಯ ಎಲ್ಲಿ ತಲೆಮರೆಸಿಕೊಂಡಿತೋ ದೇವರೇ ಬಲ್ಲ.

ಆಗಿದ್ದಿಷ್ಟು. ಹೊಳಲ್ಕೆರೆಯ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಟೀಚರುಗಳೆಲ್ಲ ಸೇರಿ ಕೋಲಾಟ ಆಡುವುದೆಂದು ತೀರ್ಮಾನವಾಯಿತು. ಹದಿಮೂರು ಜನಕ್ಕೂ ಒಂದೇ ಬಣ್ಣದ ಸೀರೆ, ಮೊಣಕಾಲಿನ ತನಕ ಎತ್ತಿ ಕಟ್ಟಬೇಕು. ಕುಳ್ಳಿಯಾದ ನನಗೆ ಮುಂದಿನ ಸಾಲು. ಪ್ರಾಕ್ಟೀಸಿನ ದಿನ ವಿಜ್ಞಾನದ ಮಿಸ್ಸು ನನ್ನ ಕಾಲನ್ನೇ ನೋಡುತ್ತಾ, "ಫೋಟೋ ತೆಗೀತಾರೆ, ಗೊತ್ತಲ್ಲ ಮಿಸ್?" ಎಂದಳು. ಅಷ್ಟೇ ಅಂದಿದ್ದು. ಅವತ್ತು ನನಗೆ ಅನ್ನ ಸೇರಲಿಲ್ಲ. ನನ್ನ ಕೈಲಿ ಬೈಸಿಕೊಂಡ ಮಕ್ಕಳೆಲ್ಲರ ಮುಂದೆ ನನ್ನ ಕಾಲು ನಗೆಪಾಟಲಾದರೆ ಮರುದಿನ ಕ್ಲಾಸಿಗೆ ಹೋಗುವುದು ಹೇಗೆ? ಪಾರ್ಲರಿಗೆ ಹೋಗೋಣವೆಂದರೆ ಅದನ್ನು ನಡೆಸುವಾಕೆ ನನ್ನ ವಿದ್ಯಾರ್ಥಿನಿಯ ತಾಯಿ. ಕೊನೆಗೆ ಮೊಬೈಲಿನಲ್ಲೇ ವ್ಯಾಕ್ಸಿಂಗ್ ಕಿಟ್ ತರಿಸಿದೆ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಮೇಣ ಬಿಸಿ ಮಾಡಿ, ಎಡಗಾಲಿಗೆ ಉಪ್ಪಿಟ್ಟಿಗೆ ತುಪ್ಪ ಸುರಿದಂತೆ ಧಾರಾಳವಾಗಿ ಬಳಿದು, ಮೇಲೆ ಬಟ್ಟೆ ಪಟ್ಟಿ ಒತ್ತಿದೆ. "ಒಂದೇ ಸಲಕ್ಕೆ ಎಳೆಯಿರಿ" ಎಂದು ಡಬ್ಬಿಯ ಮೇಲೆ ಬರೆದಿತ್ತು. ಬರೆದವನಿಗೇನು, ಕಾಲು ಅವನದಲ್ಲವಲ್ಲ! ಒಂದು, ಎರಡು ಎಣಿಸಿದೆ. ಮೂರು ಎನ್ನಲು ಬಾಯೇ ಬರಲಿಲ್ಲ. ಮತ್ತೆ ಒಂದರಿಂದ ಶುರು. ಪಟ್ಟಿಯ ತುದಿ ಒಂಚೂರು ಎತ್ತಿದ್ದೇ ತಡ, "ಅಯ್ಯಯ್ಯಪ್ಪೋ!" ಎಂದು ಕಿರುಚಿದೆ.

ಅತ್ತೆ ಓಡಿ ಬಂದರು. ಮಾಡದಕೆರೆ ಕಡೆಯ ಕುರಿ ಸಾಕುವ ಮನೆಯವರು. ನಲವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದ ಕೈ ಅವರದು.

"ಇಷ್ಟಕ್ಕೆ ಇಷ್ಟ್ ರಂಪಾನಾ? ಸುಮ್ನೆ ಕುಂತ್ಕ, ನಾನ್ ತೆಗೀತೀನಿ. ಒದೀಬ್ಯಾಡ ಮತ್ತೆ," ಎಂದವರೇ ಟವೆಲ್ ತಗೊಂಡು ನನ್ನ ಎರಡೂ ಕಾಲು ಸೇರಿಸಿ ಬಿಗಿದುಬಿಟ್ಟರು. ಉಣ್ಣೆ ತೆಗೆಯುವ ಮುಂಚೆ ಕುರಿಯ ಕಾಲು ಕಟ್ಟುವುದು ರೂಢಿ. ಪಾಪ, ಅವರ ಕೈ ತಾನಾಗೇ ಕಟ್ಟಿತು. ಆದರೆ ಕುರಿಗೆ ಯಾರೂ ಮೇಣ ಬಳಿದಿರುವುದಿಲ್ಲ. ಪಟ್ಟಿಯ ಅಂಚಿನಲ್ಲಿ ಇಳಿದಿದ್ದ ಮೇಣಕ್ಕೆ ನನ್ನ ಬಲಗಾಲು ಗಪ್ಪನೆ ಕಚ್ಚಿಕೊಂಡಿತು.

"ಅತ್ತೆ, ಕಾಲು ಕಾಲಿಗೆ ಅಂಟ್ಕೊಂತು!"

"ಅಂಟ್ಲಿ ಬಿಡು, ಇನ್ನ ಅಲ್ಲಾಡಲ್ಲ. ಅಗಾ, ಕಿಟಕೀಲಿ ಯಾರೋ ಅವ್ರೆ ನೋಡು."

ನೋಡಿದೆ. ಯಾರೂ ಇರಲಿಲ್ಲ. ಚರ್ ಎಂದಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಮಿಕ್ಸಿ ಆಫ್ ಮಾಡಿದರು. ಆಮೇಲೆ ಕೊಬ್ಬರಿ ಎಣ್ಣೆ ಸುರಿದು ಸುರಿದು ಕಾಲುಗಳನ್ನು ಬೇರೆ ಮಾಡುವಷ್ಟರಲ್ಲಿ ಶಾಲೆಯಿಂದ ಮೂರು ಸಲ ಫೋನ್ ಬಂದಿತ್ತು. ಎಡಗಾಲು ನುಣ್ಣಗೆ, ಬಲಗಾಲು ಹುಟ್ಟಿದ ಹಾಗೇ.

"ಅದ್ನ ಇನ್ನಾರು ತಿಂಗ್ಳಿಗೆ ಮಾಡಾಣ. ವರ್ಷಕ್ಕೆರಡು ಸಲ ಸಾಕು," ಎಂದು ಅತ್ತೆ ಸಮಾಧಾನ ಹೇಳಿದರು.

ವೇದಿಕೆಯಲ್ಲಿ ಎಡಗಾಲನ್ನೇ ಮುಂದಿಟ್ಟುಕೊಂಡು ಹೇಗೋ ಕುಣಿದೆ. ಯಾರಿಗೂ ತಿಳಿಯಲಿಲ್ಲ. ಗೆದ್ದೆ ಅಂದುಕೊಂಡೆ. ಹಾಡು ನಿಂತಿತು, ಫೋಟೋದವನು ಮುಂದೆ ಬಂದ. ಸಭೆ ತಣ್ಣಗಿದ್ದ ಆ ಗಳಿಗೆಯಲ್ಲೇ ಕುರ್ಚಿಗಳ ಮೊದಲ ಸಾಲಿನಿಂದ, ಅಡವಿಯಲ್ಲಿ ಮಂದೆ ಕೂಗಿ ಪಳಗಿದ ಗಂಟಲು ಪಕ್ಕದವರಿಗೆ ಹೇಳಿತು: "ಎಲ್ಲಾ ಒಂದೇ ಥರ ಕಾಣ್ತಾವೆ ಅಂತೀರಲ್ರಿ, ನಮ್ದು ಅಗಾ, ಒಂದೇ ಕಾಲಿನ ಉಣ್ಣೆ ತೆಗ್ದೀವಲ್ಲ, ಅದು! ಗುರ್ತಿಗೆ ಚಲೋ ಆತು."

ಇಡೀ ಶಾಲೆ ನನ್ನ ಕಾಲು ನೋಡಿತು. ನಾಚಿಕೆಯಿಂದ ಸತ್ತೇ ಹೋದೆ. ಅಷ್ಟು ಸಾಲದೆಂದು ಅತ್ತೆ ಕೈಯೆತ್ತಿ, ಕುರಿ ಕರೆಯುವ ರಾಗದಲ್ಲೇ "ಹುರ್ರ್ಯೋ" ಎಂದರು.

ಆ ಫೋಟೋ ಈಗ ಸ್ಟಾಫ್ ರೂಮಿನ ಗೋಡೆಯ ಮೇಲಿದೆ. ಹನ್ನೆರಡು ಜನ ಕ್ಯಾಮೆರಾ ನೋಡುತ್ತಿದ್ದಾರೆ. ಹದಿಮೂರನೆಯವಳು ಮಾತ್ರ ಅತ್ತೆ ಕರೆದ ಕಡೆಗೆ ತಿರುಗಿ, ಹಲ್ಲು ಕಿರಿದು, ಆಗಲೇ ಒಂದು ಹೆಜ್ಜೆ ಎತ್ತಿಟ್ಟಿದ್ದಾಳೆ. ಅದೂ ಬಲಗಾಲು.