ಕಾರಿನ ಬಾಗಿಲು ಮತ್ತು ನನ್ನ ಸಜ್ಜನಿಕೆ

ಕಾರು ಕೊಂಡ ಮನುಷ್ಯನಿಗೆ ಮೊದಲು ಬರುವುದು ಅಭಿಪ್ರಾಯಗಳು, ಆಮೇಲೆ ಡ್ರೈವಿಂಗ್. ನನಗೆ ಅಭಿಪ್ರಾಯಗಳು ಚೆನ್ನಾಗಿಯೇ ಬಂದವು. ಡ್ರೈವಿಂಗ್ ವಿಷಯದಲ್ಲಿ ನನ್ನ ಹೆಂಡತಿ ಸುಧಾಳಿಗೆ ಇನ್ನೂ ಅನುಮಾನವಿದೆ. ಜಾಲಹಳ್ಳಿಯ ನಮ್ಮ ಮನೆಯಿಂದ ಪೀಣ್ಯದ ಕಾರ್ಖಾನೆಗೆ ಇರುವ ದೂರ ಬಹಳವೇನಲ್ಲ. ಆದರೆ ಬೆಳಗಿನ ಹೊತ್ತು ಆ ದೂರವನ್ನು ದಾಟಲು ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಗಾಜು ಏರಿಸಿಕೊಂಡು ಕೂತವನು ಯಾರನ್ನಾದರೂ ಬೈಯಲೇಬೇಕು. ಲಾರಿಯವರು ದೊಡ್ಡವರು, ಬಸ್ಸಿನವರು ಸರ್ಕಾರದವರು, ಆಟೋದವರು ತಿರುಗಿ ಬೈಯುತ್ತಾರೆ. ಉಳಿದವರು ಸೈಕಲ್ಲಿನವರು.

ಅವರಿಗೆ ಬೇರೆಯೇ ರಸ್ತೆ ಮಾಡಿಕೊಡಬೇಕು, ಮಾಡುವವರೆಗೆ ಅವರು ಈ ರಸ್ತೆಗೆ ಬರಕೂಡದು ಎಂಬುದು ನನ್ನ ನಿಲುವಾಗಿತ್ತು. ಅವರಿಗೆ ಕನ್ನಡಿಯಿಲ್ಲ, ದೀಪವಿಲ್ಲ, ಭಯವಂತೂ ಇಲ್ಲವೇ ಇಲ್ಲ ಎಂದು ಕ್ಯಾಂಟೀನಿನಲ್ಲಿ ಹೇಳುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು, ಯಾಕೆಂದರೆ ನಾನು ಆ ಕಾರ್ಖಾನೆಯ ಸೇಫ್ಟಿ ಆಫೀಸರ್. ನಮ್ಮಪ್ಪ ಇದೇ ಜಾಲಹಳ್ಳಿಯಲ್ಲಿ ಸೈಕಲ್ ತುಳಿದುಕೊಂಡೇ ನೌಕರಿ ಮುಗಿಸಿದವರು. ಸಂಜೆ ಸೈರನ್ ಆದೊಡನೆ ಅವರ ಕಾರ್ಖಾನೆಯ ಗೇಟಿನಿಂದ ಸೈಕಲ್ಲುಗಳ ಹೊಳೆಯೇ ಹರಿಯುತ್ತಿತ್ತು. ಅದು ಖಾಲಿಯಾಗುವವರೆಗೆ ಒಂದೋ ಎರಡೋ ಕಾರುಗಳು ಪಕ್ಕಕ್ಕೆ ನಿಂತು ಕಾಯುತ್ತಿದ್ದವು. ಆ ಕಾರಿನವರಿಗೂ ಅಭಿಪ್ರಾಯಗಳಿದ್ದಿರಬೇಕು, ಪಾಪ, ಕೇಳುವವರಿರಲಿಲ್ಲ.

ಆ ಸೋಮವಾರ ನಾನು ಕಾರ್ಖಾನೆಗಿಂತ ಸ್ವಲ್ಪ ಮೊದಲು ಸಿಗುವ ಬೇಕರಿಯ ಮುಂದೆ ಕಾರು ನಿಲ್ಲಿಸಿದೆ. ಸಕ್ಕರೆ ಕಾಯಿಲೆ ಬಂದಮೇಲೆ ಸುಧಾ ನನ್ನ ಡಬ್ಬಿಗೆ ನವಣೆ ಉಪ್ಪಿಟ್ಟನ್ನು ತುಂಬುತ್ತಾಳೆ, ನಾನು ಅದಕ್ಕೆ ಪರಿಹಾರವಾಗಿ ಖಾರ ಬನ್ ತಿನ್ನುತ್ತೇನೆ. ಕಣ್ಣು ಫೋನಿನ ಮೇಲಿತ್ತು, ಮನಸ್ಸು ಬನ್ನಿನ ಮೇಲೆ. ರಸ್ತೆಯ ಕಡೆಯ ಬಾಗಿಲನ್ನು ಧಡಕ್ಕನೆ ತೆಗೆದೆ. ಏನೋ ಬಡಿಯಿತು. ನೋಡಿದರೆ ಒಂದು ಸೈಕಲ್ಲು ಮಲಗಿತ್ತು, ಅದರಾಚೆ ಒಬ್ಬ ಮನುಷ್ಯ ಬಲಗೈ ಹಿಡಿದುಕೊಂಡು ಟಾರಿನ ಮೇಲೆ ಕೂತಿದ್ದ.

ನಾನು ಮೊದಲು ನೋಡಿದ್ದು ಬಾಗಿಲನ್ನು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬೇಕರಿಯವನೂ ಓಡಿ ಬಂದು ಬಾಗಿಲನ್ನೇ ನೋಡಿದ. "ನೋಡ್ಕೊಂಡು ಹೋಗಕ್ಕಾಗಲ್ವೇನಪ್ಪಾ, ಸಾರ್ ಗಾಡಿ ನೆಗ್ಗೋಯ್ತಲ್ಲ" ಎಂದು ಬಿದ್ದವನಿಗೇ ಹೇಳಿದ. ಸುತ್ತ ನಿಂತವರಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಕೂತವನು ನನ್ನ ಮುಖ ನೋಡಿ ಮೆಲ್ಲಗೆ, "ತಪ್ಪಾತ್ರಿ ಸರ" ಎಂದ. ಅದು ನಾನು ಹೇಳಬೇಕಾಗಿದ್ದ ಮಾತು. ಅವನು ಮೊದಲೇ ಹೇಳಿಬಿಟ್ಟಿದ್ದ. ಒಬ್ಬರು ಹೇಳಿದ ಮಾತನ್ನೇ ಮತ್ತೆ ಹೇಳುವ ಅಭ್ಯಾಸ ನನಗಿಲ್ಲ.

ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು, ಆದ್ದರಿಂದ ಸೀಟಿನ ಮೇಲೆ ಪೇಪರ್ ಹಾಸಿದೆ. ಅವನು ಪೇಪರೂ ಕೊಳೆಯಾಗದ ಹಾಗೆ ತುದಿಯಲ್ಲಿ ಕೂತ. ಹೆಸರು ಶರಣಪ್ಪ, ಕೊಪ್ಪಳದ ಕಡೆಯವನು, ಇಲ್ಲಿ ನಾಗಸಂದ್ರದ ಒಂದು ಬಾಡಿಗೆ ಕೋಣೆಯಲ್ಲಿ ನಾಲ್ವರ ಜೊತೆ ಇದ್ದ. ಎಲ್ಲಿ ಕೆಲಸ ಎಂದು ಕೇಳಿದರೆ ನಮ್ಮದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ, ಕಂಟ್ರಾಕ್ಟ್ ಮೇಲೆ. ಪ್ರತಿ ತಿಂಗಳು ನಿಮ್ಮ ಸುರಕ್ಷತೆಯ ಭಾಷಣ ಕೇಳುತ್ತೇನೆ, ಬಹಳ ಚಂದ ಹೇಳುತ್ತೀರಿ ಎಂದ. ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಖಾನೆಯಲ್ಲೆಲ್ಲ ಸುದ್ದಿ. ರಸ್ತೆಯಲ್ಲಿ ಬಿದ್ದಿದ್ದ ಬಡ ಕಾರ್ಮಿಕನನ್ನು ಸೇಫ್ಟಿ ಆಫೀಸರ್ ಸ್ವಂತ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದರಂತೆ. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, ಈ ಕಾಲದಲ್ಲಿ ಯಾರು ನಿಲ್ಲುತ್ತಾರೆ ಹೇಳಿ ಎಂದರು. ನಿಜ ಹೇಳಲು ನಾನು ಬಾಯಿ ತೆರೆದದ್ದುಂಟು. ಬಾಯಲ್ಲಿ ಉಪ್ಪಿಟ್ಟಿತ್ತು. ನುಂಗುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಆಮೇಲೆ ಅಪಘಾತದ ರಿಜಿಸ್ಟರಿನಲ್ಲಿ, ಕಾರಣ ಎಂಬ ಕಡೆ, ಸವಾರ ಆಯತಪ್ಪಿ ಬಿದ್ದ ಎಂದು ಬರೆದೆ. ಸುಳ್ಳೇನಲ್ಲ, ಬಾಗಿಲು ಬಡಿದರೆ ಯಾರಾದರೂ ಆಯತಪ್ಪುತ್ತಾರೆ.

ಸುಧಾ ಮಾತ್ರ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಬಾಗ್ಲು ತೆಗೆಯೋಕೆ ಮುಂಚೆ ಹಿಂದೆ ನೋಡಿದ್ರಾ?" ಕಾಫಿ ತಣ್ಣಗಾಗಿದೆ ಎಂದೆ. ಅವಳು ಬಿಸಿ ಮಾಡಲು ಏಳಲಿಲ್ಲ.

ಕೈ ಸರಿಹೋಗುವವರೆಗೆ ಬರಬೇಡ ಎಂದು ಕಂಟ್ರಾಕ್ಟರ್ ಶರಣಪ್ಪನಿಗೆ ಹೇಳಿಬಿಟ್ಟಿದ್ದ. ಊರಲ್ಲಿ ಹೆಂಡತಿ, ಎರಡು ಹೆಣ್ಣುಮಕ್ಕಳು. ನಾನು ಕಂಟ್ರಾಕ್ಟರನ ಬಳಿ ಹೋಗಿ, ಒಂದೇ ಕೈಯಲ್ಲಿ ಮಾಡಬಹುದಾದ ಕೆಲಸ ಕೊಡಪ್ಪಾ ಎಂದು ಒತ್ತಾಯ ಮಾಡಿದೆ. ನಿಮಗ್ಯಾಕೆ ಸಾರ್ ಇಷ್ಟು ಕಾಳಜಿ ಎಂದು ಅವನು ಕೇಳಿದ. ಮಾನವೀಯತೆ ಎಂದೆ. ಶರಣಪ್ಪ ಎಡಗೈಯಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸತೊಡಗಿದ. ನನ್ನ ಕೀರ್ತಿ ಇನ್ನಷ್ಟು ಬೆಳೆಯಿತು.

ಸುರಕ್ಷತಾ ಸಪ್ತಾಹದಲ್ಲಿ ನನಗೆ ಸನ್ಮಾನ. ಶಾಲು, ಹಾರ, ಫ್ರೇಮು ಹಾಕಿದ ಪ್ರಶಸ್ತಿಪತ್ರ. ಹೂಗುಚ್ಛ ಕೊಡಲು ಶರಣಪ್ಪನನ್ನೇ ಕರೆಸಿದ್ದರು. ಅವನು ಎಡಗೈಯಲ್ಲಿ ಕೊಟ್ಟ. ಎಡಗೈಯಲ್ಲಿ ಕೊಡುತ್ತಿರುವುದಕ್ಕೆ ಕ್ಷಮೆಯನ್ನೂ ಕೇಳಿದ. ಅದನ್ನು ಕೇಳಿದಮೇಲೆ ಶಾಲಿನೊಳಗೆ ನನಗೆ ಸೆಕೆ ತಡೆಯಲಾಗಲಿಲ್ಲ.

ಸಮಾರಂಭ ಮುಗಿದಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಅವನನ್ನು ಹಿಡಿದೆ. ಹೇಗೆ ಶುರುಮಾಡುವುದೆಂದು ತಿಳಿಯದೆ ಒಂದೇ ಉಸಿರಿನಲ್ಲಿ ಹೇಳಿದೆ: "ಶರಣಪ್ಪ, ಅವತ್ತು ತಪ್ಪು ನಿಂದಲ್ಲ. ನಾನು ನೋಡ್ದೆ ಬಾಗ್ಲು ತೆಗೆದೆ."

ಅವನು ಆಶ್ಚರ್ಯಪಡುತ್ತಾನೆ, ಬಹುಶಃ ಕೋಪಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ಬೇಕಾದ ಮುಖವನ್ನೂ ಸಿದ್ಧಮಾಡಿಕೊಂಡಿದ್ದೆ.

"ಗೊತ್ತೈತ್ರಿ ಸರ" ಎಂದ ಶರಣಪ್ಪ. "ನೀವು ಫೋನ್ ನೋಡಕೋಂತ ಬಾಗಲಾ ತಗದದ್ದು ನಾ ನೋಡೀನ್ರಿ. ಬ್ರೇಕ್ ಹಿಡಿಯೂದ್ರಾಗ ಬಿದ್ದೆ."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಹ್ವಾದ ವರ್ಷ ಒಬ್ಬ ಕಾರಿನಾಂವ ಹೊಡದು ನಿಲ್ಲಸದಂಗ ಹ್ವಾದ. ನೀವು ನಿಂತ್ರಿ. ಅಷ್ಟ ಮಾಡವ್ರೂ ಇಲ್ರಿ ಇಲ್ಲೆ."

ಅವನು ಅದನ್ನು ಚುಚ್ಚಲು ಹೇಳಲಿಲ್ಲ. ಚುಚ್ಚಿದ್ದರೆ ಎಷ್ಟೋ ವಾಸಿಯಿತ್ತು. ಹೊಡೆದು ಓಡಿಹೋದವನ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ನಾನು ಒಳ್ಳೆಯವನು. ಇಷ್ಟು ವರ್ಷ ಈ ರಸ್ತೆಯಲ್ಲಿ ಓಡಾಡಿ ನಾನು ಗಳಿಸಿದ ಯೋಗ್ಯತೆ ಅಷ್ಟೇ, ಅದನ್ನು ಅಳೆದು ಹೇಳಬಲ್ಲವನು ಅವನೊಬ್ಬನೇ. ಏನಾದರೂ ಉತ್ತರ ಹೇಳಬೇಕಿತ್ತು. ನಾನು ಶಾಲು ಸರಿಮಾಡಿಕೊಂಡು, "ಥ್ಯಾಂಕ್ಸ್ ಶರಣಪ್ಪ" ಎಂದೆ.