ಬಣ್ಣ ಬಿಡದ ಕೀಬೋರ್ಡು

ಗಜೇಂದ್ರಗಡದ ಗುಡ್ಡದಬುಡ ಕೈಮಗ್ಗ ನೇಕಾರರ ಸಹಕಾರಿ ಸಂಘವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಬಣ್ಣ ಬಿಡುವ ಒಂದೇ ಒಂದು ವಸ್ತುವನ್ನೂ ಹೊಸ್ತಿಲೊಳಗೆ ಬಿಟ್ಟುಕೊಂಡಿಲ್ಲ. ಸಂಘದ ಹದಿನಾಲ್ಕನೇ ಉಪನಿಯಮದ ಪ್ರಕಾರ, ಬಣ್ಣವುಳ್ಳ ಯಾವುದೇ ಸಾಮಗ್ರಿಯನ್ನು ಸ್ವೀಕರಿಸುವ ಮುನ್ನ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಒಂದು ಹಗಲು ಮುಳುಗಿಸಿ, ನೆರಳಿನಲ್ಲಿ ಒಣಗಿಸಿ, ಬಿಳಿ ಅರಿವೆಯಿಂದ ಉಜ್ಜಿ ನೋಡತಕ್ಕದ್ದು. ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ನೂಲು ಮತ್ತು ಸೀರೆ. ಕಾಗದದ ಮೇಲೆ ಬಿದ್ದದ್ದು ಮಾತ್ರ "ಯಾವುದೇ ಸಾಮಗ್ರಿ". ಹೀಗಾಗಿ ಸಂಘದ ಕೆಂಪು ಕುರ್ಚಿಗಳು, ಹಸಿರು ಫೈಲುಗಳು, ಅಧ್ಯಕ್ಷರ ಮೇಜಿನ ಗಂಟೆ, ಎಲ್ಲವೂ ಹಂಡೆಯ ನೀರು ಕಂಡೇ ಒಳಗೆ ಬಂದಿವೆ. ಗೋಡೆಯ ಕ್ಯಾಲೆಂಡರು ಪ್ರತಿವರ್ಷವೂ ಈ ಪರೀಕ್ಷೆಯಲ್ಲಿ ನಪಾಸಾಗುವುದರಿಂದ, ಇವತ್ತು ಯಾವ ತಾರೀಖು ಎಂಬುದು ಸಂಘದೊಳಗೆ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಇದರಿಂದ ಆಡಳಿತಕ್ಕೆ ಯಾವ ತೊಂದರೆಯೂ ಆಗಿಲ್ಲ.

ಇಂಥ ಸಂಘದ ಬಾಗಿಲಿಗೆ ಬನಶ್ರೀ ತನ್ನ ಜೀವಮಾನದ ಮೊದಲ ಮೆಕ್ಯಾನಿಕಲ್ ಕೀಬೋರ್ಡು ಕೇಳಿಕೊಂಡು ಹೋಗಬೇಕಾಗಿ ಬಂತು.

ಬನಶ್ರೀ ನೇಕಾರರ ಓಣಿಯವಳು, ಬಿ.ಕಾಂ. ಎರಡನೇ ವರ್ಷ. ಕಾಲೇಜು ಬಿಟ್ಟ ಕೂಡಲೇ ಬಸ್ ನಿಲ್ದಾಣದ ಹಿಂದಿರುವ ಶಾಹೀದನ ಕಂಪ್ಯೂಟರ್ ಅಂಗಡಿಗೆ ಹೋಗಿ ಗುಂಡು ಹಾರಿಸುವ ಆಟ ಆಡುವುದು ಆಕೆಯ ದಿನಚರಿ. ಆ ಆಟದಲ್ಲಿ ಒಂದು ಪಾಳುಬಿದ್ದ ಊರು. ಆಟಗಾರರು ಅದರಲ್ಲಿ ಅಡಗಿ, ಓಡಿ, ಒಬ್ಬರನ್ನೊಬ್ಬರು ಹೊಡೆಯಬೇಕು. ಕೊನೆಗೆ ಉಳಿದವರು ಗೆದ್ದಂತೆ. ಇಡೀ ತಾಲ್ಲೂಕಿನಲ್ಲಿ ಬನಶ್ರೀಯಷ್ಟು ಚುರುಕಾಗಿ ಆಡುವವರು ಇರಲಿಲ್ಲ. ಆದರೆ ಶಾಹೀದನ ಅಂಗಡಿಯ ಕೀಬೋರ್ಡು ಯಾವುದೋ ಕಚೇರಿಯಿಂದ ನಿವೃತ್ತವಾಗಿ ಬಂದದ್ದು. ಒಟ್ಟಿಗೆ ಮೂರು ಕೀಲಿ ಒತ್ತಿದರೆ ಎರಡನ್ನು ಮಾತ್ರ ಮಾನ್ಯ ಮಾಡುತ್ತಿತ್ತು. ಓಡು, ಬಾಗು, ತಿರುಗು ಎಂದರೆ ಆಕೆಯ ಸೈನಿಕ ಓಡುತ್ತಿದ್ದ, ಬಾಗುತ್ತಿದ್ದ, ತಿರುಗುವುದನ್ನು ಮರೆತು ಗೋಡೆಗೆ ಮುಖ ಕೊಟ್ಟು ಸಾಯುತ್ತಿದ್ದ. 

ಅಷ್ಟರಲ್ಲಿ ಪ್ರಕಟಣೆ ಹೊರಬಿತ್ತು.

"ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ಸಮಸ್ತ ಯುವಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತ್ರಿತಾಲ್ಲೂಕು ಗಣಕ ಕ್ರೀಡಾಕೂಟವು ರೋಣದಲ್ಲಿ ಜರುಗುವುದು. ತಾಲ್ಲೂಕಿಗೆ ಒಬ್ಬರಂತೆ ಸ್ಪರ್ಧಿಸತಕ್ಕದ್ದು. ಗೆದ್ದ ಒಬ್ಬರನ್ನು ಮಾತ್ರ ರಾಜ್ಯಮಟ್ಟಕ್ಕೆ ಕಳುಹಿಸಲಾಗುವುದು. ಸ್ಪರ್ಧಿಯ ಕೀಬೋರ್ಡು ಮೆಕ್ಯಾನಿಕಲ್ ಆಗಿದ್ದು, ನೋಂದಾಯಿತ ಸಹಕಾರಿ ಸಂಘದಿಂದ ಒದಗಿಸಲ್ಪಟ್ಟು, ಸದರಿ ಸಂಘದ ಗುಣಮಟ್ಟ ಪ್ರಮಾಣಪತ್ರ ಹೊಂದಿರತಕ್ಕದ್ದು. ಪ್ರಮಾಣಪತ್ರವಿಲ್ಲದ ಕೀಬೋರ್ಡನ್ನು ಮುಟ್ಟಿದವರನ್ನು ಅನರ್ಹಗೊಳಿಸಲಾಗುವುದು."

ಆಟಕ್ಕೂ ಸಹಕಾರಿ ಸಂಘಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಕೂಟದ ಅಧ್ಯಕ್ಷರಾದ ಶಂಭುಲಿಂಗ ಅವರು ಸಹಕಾರಿ ಸಂಘಗಳನ್ನು ತಪಾಸಣೆ ಮಾಡುವ ನೌಕರಿಯಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದವರು. ಅವರಿಗೆ ಜಗತ್ತಿನಲ್ಲಿ ಬೇರೆ ಯಾವುದರ ಮೇಲೂ ವಿಶ್ವಾಸವಿರಲಿಲ್ಲ.

ಶಾಹೀದ ಅಂಗೈಯಗಲದ ಒಂದು ಹಲಗೆ ತಂದು ಬನಶ್ರೀಯ ಮುಂದಿಟ್ಟ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಅದರದೇ ಒಂದು ಸ್ವಿಚ್ಚು ಇರುತ್ತದೆ; ಹಲಗೆಯ ಮೇಲೆ ಮಾದರಿಗೆಂದು ಮೂರು ಕೀಲಿ, ಅವುಗಳ ಕೆಳಗೆ ಮೂರು ಬಣ್ಣದ ಸ್ವಿಚ್ಚು.

"ನೀಲಿದು ಒತ್ತಿದ್ರ ಟಕ್ ಅಂತ ಸಪ್ಪಳ ಮಾಡ್ತೈತಿ. ಕೆಂಪಿಂದು ಸುಮ್ಮನ ಸರ್ರಂತ ಕೆಳಗ ಹೋಗ್ತೈತಿ. ಕಂದು ಬಣ್ಣದ್ದು ಸಪ್ಪಳ ಮಾಡೂದಿಲ್ಲ, ಖರೇ ನಡುವ ಬೆರಳಿಗೆ ಸಣ್ಣಂಗ ತಟ್ಟಿ ಹೇಳ್ತೈತಿ. ಮನಿಗೆ ಒಯ್ದು ಒತ್ತಿ ಒತ್ತಿ ನೋಡವಾ, ಅವಸರ ಇಲ್ಲ."

ಮನೆಯಲ್ಲಿ ಅಜ್ಜಿ ತಿಪ್ಪವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಮೊಮ್ಮಗಳ ಕೈಯಿಂದ ಹಲಗೆ ಇಸಿದುಕೊಂಡು ಮೂರನ್ನೂ ಒಮ್ಮೊಮ್ಮೆ ಒತ್ತಿದಳು.

"ಇದು ಬಾಯಿಬಡಕ. ಇದು ಎಲ್ಲಿಗೆ ಮುಟ್ಟಿತು ಅನ್ನೂದ ತಿಳಿಯಂಗಿಲ್ಲ. ಇದು ಚಲೋ ಐತಿ ನೋಡು, ಕೆಲಸ ಆತು ಅಂತ ಬೆರಳಿಗಷ್ಟ ಹೇಳ್ತೈತಿ, ಓಣಿಗೆಲ್ಲ ಸಾರೂದಿಲ್ಲ," ಎಂದು ಕಂದು ಬಣ್ಣದ್ದರ ಮೇಲೆ ಬೆರಳಿಟ್ಟು ಮತ್ತೆ ಲಾಳಿ ಎಸೆಯತೊಡಗಿದಳು.

ಆಯ್ಕೆ ಅಲ್ಲಿಗೇ ಮುಗಿದಿತ್ತು. ಆದರೆ ತಿಪ್ಪವ್ವ ನೋಂದಾಯಿತ ಸಂಸ್ಥೆಯಲ್ಲ.

ಸಂಘದ ಕಾರ್ಯದರ್ಶಿ ನಿಜಲಿಂಗಪ್ಪನವರು ಬನಶ್ರೀಯನ್ನು ಬಹಳ ಪ್ರೀತಿಯಿಂದ ಕೂರಿಸಿದರು. ಅವರು ಯಾರ ಕೆಲಸವನ್ನೂ ಇಲ್ಲ ಎಂದು ಕಳಿಸಿದವರಲ್ಲ, ಮಾಡಿ ಕಳಿಸಿದವರೂ ಅಲ್ಲ.

"ನಮ್ಮ ಓಣಿ ಹುಡುಗಿ ರಾಜ್ಯಮಟ್ಟಕ್ಕ ಹೊಂಟಾಳ ಅಂದ್ರ ಸಂಘಕ್ಕ ಹೆಮ್ಮೆ ಅಲ್ಲೇನವಾ? ಬರಿ ಅರ್ಜಿ," ಎಂದರು.

ಕೀಬೋರ್ಡಿಗೆಂದು ಸಂಘದಲ್ಲಿ ಅರ್ಜಿ ನಮೂನೆ ಇರಲಿಲ್ಲ. ನೂಲು ಬೇಡಿಕೆಯ ನಮೂನೆ ಇತ್ತು. ಅದರಲ್ಲಿ ನೂಲಿನ ಎಳೆ ಎಷ್ಟು ಸಣ್ಣದು ಎಂಬ ಜಾಗದಲ್ಲಿ ಬನಶ್ರೀ "ಅನ್ವಯಿಸುವುದಿಲ್ಲ" ಎಂದು ಬರೆದಳು. ಬಣ್ಣ ಎಂಬ ಜಾಗದಲ್ಲಿ "ಕಂದು" ಎಂದು ಬರೆದಳು. ಆ ಒಂದು ಪದ ಬರೆಯದೆ ಬಿಟ್ಟಿದ್ದರೆ ಈ ಕಥೆಯನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಒಂದೇ ವಸ್ತುವನ್ನು ನೋಡಿ ಆಯ್ಕೆ ಮಾಡಿದರೆ ಅದು ಆಯ್ಕೆ ಅನ್ನಿಸಿಕೊಳ್ಳುವುದಿಲ್ಲವಾದ್ದರಿಂದ ಸಂಘವು ಶಾಹೀದನ ಮೂಲಕ ಹುಬ್ಬಳ್ಳಿಯಿಂದ ಮೂರೂ ಬಣ್ಣದ ಸ್ವಿಚ್ಚಿನ ಮೂರು ಕೀಬೋರ್ಡು ತರಿಸಿತು. ಆಯ್ಕೆ ಸಮಿತಿಯ ಏಳು ಜನ ಸಭೆ ಸೇರಿ ಸರದಿಯಂತೆ ಒತ್ತಿದರು. ನಿಜಲಿಂಗಪ್ಪನವರಿಗೆ ನೀಲಿ ಸ್ವಿಚ್ಚು ಮೆಚ್ಚುಗೆಯಾಯಿತು. ಕಚೇರಿಯಲ್ಲಿ ಕೆಲಸ ನಡೆದಿದೆ ಎಂಬುದು ರಸ್ತೆಯಲ್ಲಿ ಹೋಗುವವರಿಗೂ ಕೇಳಿಸಬೇಕು ಎಂಬುದು ಅವರ ವಾದ. ಉಪಾಧ್ಯಕ್ಷರು ಕೆಂಪು ಎಂದರು. ಸಪ್ಪಳವಿಲ್ಲದ್ದರಿಂದ ಸಭೆಯಲ್ಲಿ ನಿದ್ದೆಗೆ ಅಡ್ಡಿಯಾಗುವುದಿಲ್ಲ ಎಂದು ಕಾರಣ ಕೊಟ್ಟರು. ಉಳಿದ ಐವರು ಚಹಾ ಬಂದ ಮೇಲೆ ಅಭಿಪ್ರಾಯ ತಿಳಿಸುವುದಾಗಿ ಹೇಳಿದರು. ಚಹಾ ಬಂತು, ಅಭಿಪ್ರಾಯ ಬರಲಿಲ್ಲ. ಆಗ ಸಭೆಯು ಒಮ್ಮತದಿಂದ, ಬಣ್ಣದ ವಿಷಯದಲ್ಲಿ ಭಿನ್ನಾಭಿಪ್ರಾಯ ಇರುವುದರಿಂದ ಹದಿನಾಲ್ಕನೇ ಉಪನಿಯಮದಂತೆ ಮುಂದುವರಿಯತಕ್ಕದ್ದು ಎಂದು ಠರಾವು ಮಾಡಿತು.

ಮರುದಿನ ಮಧ್ಯಾಹ್ನ ಸುದ್ದಿ ತಿಳಿದ ಬನಶ್ರೀ ಚಪ್ಪಲಿ ಸಹ ಹಾಕಿಕೊಳ್ಳದೆ ಸಂಘದವರು ನೂಲಿಗೆ ಬಣ್ಣ ಹಾಕುವ ಮನೆಗೆ ಓಡಿದಳು. ಬಣ್ಣಗಾರ ಗೌಸುಸಾಬ ಹಂಡೆಯ ಪಕ್ಕದಲ್ಲಿ ಕೋಲು ಹಿಡಿದು ಕುಳಿತಿದ್ದರು. ನೊರೆಯ ನಡುವೆ ಮೂರು ಕೀಬೋರ್ಡುಗಳು ಮೂಲೆ ಮೇಲೆತ್ತಿ ತೇಲುತ್ತಿದ್ದವು.

"ಚಾಚಾ, ಏನ್ ಮಾಡೀರಿ ಇದು! ಅದಕ್ಕ ನೀರು ತಾಕಬಾರದ್ರಿ!"

"ಗೊತ್ತೈತವಾ. ನನ್ನ ಮಗನ ಮೊಬೈಲ್ ಬಚ್ಚಲದಾಗ ಬಿದ್ದು ಹೋಗೇತಿ, ನನಗ ಗೊತ್ತಿಲ್ಲೇನು?"

"ಗೊತ್ತಿದ್ದೂ ಹಾಕೀರಲ್ರಿ!"

"ಹಾಕು ಅಂತ ಕಾಗದ ಬಂತು, ಹಾಕಿದೆ. ತೆಗಿ ಅಂತ ಕಾಗದ ಸಂಜಿ ಐದಕ್ಕ ಬರ್ತೈತಿ. ಇನ್ನೂ ಮೂರು ತಾಸು ಐತಿ. ಕುಂದ್ರು, ಚಾ ಕುಡಿ."

ಬನಶ್ರೀ ಹಂಡೆಗೆ ಕೈ ಹಾಕಹೋದಳು. ಗೌಸುಸಾಬ ಕೋಲು ಅಡ್ಡ ಹಿಡಿದರು. ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಆಕೆಯ ಬಗ್ಗೆ ಮರುಕವೇ ಇತ್ತು. ಹಾಗಿದ್ದೂ ಕೋಲು ಸರಿಯಲಿಲ್ಲ. ಆಕೆ ಕಟ್ಟೆಯ ಮೇಲೆ ಕುಳಿತು ಐದು ಗಂಟೆಯವರೆಗೆ ಅತ್ತಳು. ನಡುನಡುವೆ ಗೌಸುಸಾಬ ಕೀಬೋರ್ಡುಗಳನ್ನು ಮಗುಚಿ ಹಾಕುತ್ತಿದ್ದರು, ಎರಡೂ ಮಗ್ಗುಲು ಸಮನಾಗಿ ನೆನೆಯಬೇಕಾದ್ದು ನಿಯಮ.

ಮೂರು ದಿನ ಒಣಗಿದ ಮೇಲೆ ಪ್ರಮಾಣಪತ್ರ ಸಿದ್ಧವಾಯಿತು. "ನೀಲಿ ಮತ್ತು ಕೆಂಪು ಮಾದರಿಗಳ ಮೇಲೆ ಬಿಳಿ ಅರಿವೆಯಿಂದ ಉಜ್ಜಲಾಗಿ ಅಲ್ಪ ಪ್ರಮಾಣದ ಧೂಳು ಕಂಡುಬಂದಿದ್ದು, ಕಂದು ಮಾದರಿಯು ಸಂಪೂರ್ಣ ಶುದ್ಧವಾಗಿದೆ. ಸದರಿ ಕೀಬೋರ್ಡು ಬಣ್ಣ ಬಿಡುವುದಿಲ್ಲ, ಕುಗ್ಗುವುದಿಲ್ಲ, ಸೆರಗು ಜಗ್ಗುವುದಿಲ್ಲ ಎಂದು ದೃಢೀಕರಿಸಲಾಗಿದೆ." ಕೆಳಗೆ ಏಳು ಸಹಿ, ಒಂದು ದುಂಡು ಮುದ್ರೆ.

ಹೇಗೋ ತಿಪ್ಪವ್ವ ಆರಿಸಿದ್ದೇ ಕೈಗೆ ಬಂತು. ಶಾಹೀದ ಅದನ್ನು ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು, ಮತ್ತೆ ಜೋಡಿಸಿ ಕಂಪ್ಯೂಟರಿಗೆ ಸಿಕ್ಕಿಸಿದ. ನೂರಾನಾಲ್ಕು ಕೀಲಿಗಳಲ್ಲಿ ಕೆಳಗಿನ ಉದ್ದ ಪಟ್ಟಿಯೊಂದು ಮಾತ್ರ ಜೀವ ಹಿಡಿದಿತ್ತು. ಅದನ್ನು ಒತ್ತಿದರೆ ಸೈನಿಕ ನಿಂತಲ್ಲೇ ಜಿಗಿಯುತ್ತಿದ್ದ.

ಬನಶ್ರೀ ಅದನ್ನು ಎತ್ತಿಕೊಂಡು ಸಂಘಕ್ಕೆ ಹೋದಳು.

"ಕಾಕಾ, ಇದು ಕೆಲಸ ಮಾಡವಲ್ದು."

"ಪ್ರಮಾಣಪತ್ರ ಓದವಾ. ಅದರಾಗ ಕೆಲಸ ಮಾಡ್ತೈತಿ ಅಂತ ನಾವು ಎಲ್ಲೆರ ಬರದೇವೇನು?"

"ಆಡೂದು ಹ್ಯಾಂಗ್ರಿ ಮತ್ತ?"

ನಿಜಲಿಂಗಪ್ಪನವರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. "ನೋಡು ತಂಗಿ, ಇಷ್ಟು ವರ್ಷದಾಗ ಎಷ್ಟೋ ಸೀರಿ ಪಾಸ್ ಮಾಡೇನಿ. ಸೀರಿ ಕೆಲಸ ಮಾಡ್ತೈತೇನು ಅಂತ ಒಬ್ಬರೂ ಕೇಳಿಲ್ಲ."

ಬೇರೆ ಕೀಬೋರ್ಡು ಒಯ್ದರೆ ಅನರ್ಹತೆ, ಇದನ್ನು ಒಯ್ದರೆ ಜಿಗಿತ. ಬನಶ್ರೀ ಜಿಗಿತವನ್ನು ಆರಿಸಿಕೊಂಡಳು. ರಾಜ್ಯಮಟ್ಟಕ್ಕೆ ಹೋದರೆ ಅಲ್ಲಿ ಒಳ್ಳೆಯ ಕೀಬೋರ್ಡು ಕೊಟ್ಟೇ ಕೊಡುತ್ತಾರೆ ಎಂಬ ಒಂದು ಆಸೆ ಆಕೆಯಲ್ಲಿ ಉಳಿದಿತ್ತು.

ಕೂಟದ ದಿನ ರೋಣದ ಸಭಾಭವನ ತುಂಬಿತ್ತು. ನರಗುಂದ ತಾಲ್ಲೂಕಿನ ಪರವಾಗಿ ಕೊಣ್ಣೂರಿನ ಯಮನೂರ ಬಂದಿದ್ದ. ಅವನ ಕೀಬೋರ್ಡನ್ನು ಒದಗಿಸಿದ್ದು ಬೀಜ ಮಾರುವ ಸಹಕಾರಿ ಸಂಘ. ಅವರು ತಮ್ಮ ಪದ್ಧತಿಯಂತೆ ಅದನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಏಳು ದಿನ ಇಟ್ಟು, "ನೂರಾನಾಲ್ಕರಲ್ಲಿ ಒಂದಕ್ಕೂ ಮೊಳಕೆ ಬಂದಿಲ್ಲ, ಆದ್ದರಿಂದ ಇದು ಬೀಜವಲ್ಲ, ಕೀಬೋರ್ಡೇ ಸರಿ" ಎಂದು ಪ್ರಮಾಣೀಕರಿಸಿದ್ದರು. ರೋಣದ ಪರವಾಗಿ ಯಾವಗಲ್ಲಿನ ರೇಷ್ಮಾ ಟ್ರ್ಯಾಕ್ಟರಿನಲ್ಲಿ ಬಂದಿಳಿದಳು. ಆಕೆಯದನ್ನು ಕೊಟ್ಟದ್ದು ಹಾಲಿನ ಸಂಘ. ಒಂದು ದಿನ ಹಾಲಿನ ಕ್ಯಾನಿನಲ್ಲಿಟ್ಟು ನೋಡಿ, "ಒಡೆದಿಲ್ಲ, ಹುಳಿಯಾಗಿಲ್ಲ" ಎಂದು ಬರೆದುಕೊಟ್ಟಿದ್ದರು. ಅದರಿಂದ ಇನ್ನೂ ಮೊಸರಿನ ವಾಸನೆ ಬರುತ್ತಿತ್ತು. ಶಂಭುಲಿಂಗ ಅವರು ಮೂರೂ ಪ್ರಮಾಣಪತ್ರಗಳನ್ನು ಬೆಳಕಿಗೆ ಹಿಡಿದು ಮುದ್ರೆ ಪರಿಶೀಲಿಸಿ, ಕಣ್ಣಲ್ಲಿ ನೀರು ತಂದುಕೊಂಡರು. ಇಷ್ಟು ಶುದ್ಧವಾದ ಕಾಗದಗಳನ್ನು ಅವರು ನೌಕರಿಯಲ್ಲಿದ್ದಾಗಲೂ ಕಂಡಿರಲಿಲ್ಲ.

ಪ್ರಕಟಣೆಯಲ್ಲಿ ಮೌಸಿನ ಮಾತೇ ಇರಲಿಲ್ಲವಾದ್ದರಿಂದ ಯಾರಿಗೂ ಮೌಸ್ ಕೊಡದೆಯೇ ಆಟ ಶುರುವಾಯಿತು. ದೊಡ್ಡ ಪರದೆಯ ಮೇಲೆ ಪಾಳುಬಿದ್ದ ಊರಿನ ಮೂರು ಮೂಲೆಗಳಲ್ಲಿ ಮೂವರು ಸೈನಿಕರು ನಿಂತುಕೊಂಡರು. ಐದು ನಿಮಿಷ ನಿಂತರು, ಹತ್ತು ನಿಮಿಷ ನಿಂತರು. ಯಮನೂರ ಎಲ್ಲ ಕೀಲಿಗಳನ್ನೂ ಹತ್ತು ಬೆರಳಿನಿಂದ ಬಡಿಯುತ್ತಿದ್ದ, ರೇಷ್ಮಾ ಒಂದೇ ಕೀಲಿಯನ್ನು ಬೇಡಿಕೊಳ್ಳುವಂತೆ ಒತ್ತುತ್ತಿದ್ದಳು. ಪ್ರೇಕ್ಷಕರು ಉಸಿರು ಬಿಗಿಹಿಡಿದಿದ್ದರು. ಹಿಂದಿನ ಸಾಲಿನ ಒಬ್ಬರು, ಇದು ಬಹಳ ಸಹನೆಯ ಆಟ, ಹೊಡೆದಾಟ ಎಂದು ಸುಮ್ಮನೆ ಹೆದರಿಸಿದ್ದರು, ಎಂದು ಮೆಚ್ಚಿಕೊಂಡರು.

ಆಗ ಬನಶ್ರೀಯ ಸೈನಿಕ ಜಿಗಿದ.

ಸಭಾಭವನ ಹೋ ಎಂದಿತು. ಅವನು ಮತ್ತೆ ಜಿಗಿದ. ಬೆರಳಿನ ಕೆಳಗೆ ಆ ಸಣ್ಣ ತಟ್ಟು ಅಜ್ಜಿ ಹೇಳಿದಂತೆಯೇ ಇತ್ತು. ಬನಶ್ರೀಗೆ ನಗು ಬಂತು. ಎಷ್ಟೋ ದಿನಗಳ ನಂತರ ಆಕೆಗೆ ಖರೇ ಖರೇ ಸಂತೋಷವಾಯಿತು. ಆಡುವುದೆಂದರೆ ಅದೊಂದೇ ಕೀಲಿ, ಆದರೂ ಆಕೆ ಆಡುತ್ತಿದ್ದಳು. ಎದುರಾಳಿಗಳ ಮುಖ ನೋಡದೆ, ಪರದೆಯ ಮೇಲಿನ ತನ್ನವನನ್ನು ಆಕೆ ಕುಣಿಸಿದ್ದೇ ಕುಣಿಸಿದ್ದು.

ಬೀಜ ಸಂಘದ ಪ್ರತಿನಿಧಿ ಎದ್ದು ನಿಂತರು. "ಅಧ್ಯಕ್ಷರ, ಇದು ಅನ್ಯಾಯರಿ. ನಮ್ಮ ಹುಡುಗ ಅಲ್ಲಾಡಾಕ ಬರವಲ್ದು, ಆಕಿ ಜಿಗೀತಾಳ! ಸಮಾನ ಅವಕಾಶ ಅನ್ನೂದು ಎಲ್ಲಿ ಉಳೀತು?"

ಹಾಲಿನ ಸಂಘದವರೂ ದನಿಗೂಡಿಸಿದರು. ಶಂಭುಲಿಂಗ ಅವರು ಆಟ ನಿಲ್ಲಿಸಿ, ಬನಶ್ರೀಯ ಪ್ರಮಾಣಪತ್ರವನ್ನು ಎರಡು ಸಲ ಓದಿ ತೀರ್ಪು ಕೊಟ್ಟರು. ಮೂವರೂ ಜೀವಂತವಿರುವುದರಿಂದ ಗೆಲುವನ್ನು ಪ್ರಮಾಣಪತ್ರದ ಬಲದ ಮೇಲೆಯೇ ನಿರ್ಧರಿಸಬೇಕು. ಗಜೇಂದ್ರಗಡದ ಕಾಗದದಲ್ಲಿ ಏಳು ಸಹಿ ಇವೆ, ಉಳಿದವರದರಲ್ಲಿ ಐದೈದು. ಆದ್ದರಿಂದ ಗೆಲುವು ಗಜೇಂದ್ರಗಡದ್ದೇ. ಆದರೆ ಕೀಬೋರ್ಡಿನ ಒಂದು ಕೀಲಿ ಕೆಲಸ ಮಾಡುತ್ತಿರುವುದು ಪ್ರಮಾಣಪತ್ರದಲ್ಲಿ ನಮೂದಾಗಿಲ್ಲ. ಆ ದೋಷವನ್ನು ಸ್ಥಳದಲ್ಲೇ ಸರಿಪಡಿಸಿದರೆ ಆಕೆ ರಾಜ್ಯಮಟ್ಟಕ್ಕೆ, ಇಲ್ಲವಾದರೆ ಅನರ್ಹ.

ಕೈ ತೊಳೆಯಲು ಇಟ್ಟಿದ್ದ ಬಕೆಟ್ಟನ್ನು ಯಾರೋ ವೇದಿಕೆಗೆ ತಂದಿಟ್ಟರು. 

"ನಾ ಹಾಕ್ಲೇನವಾ, ನೀ ಹಾಕ್ತೀಯೋ?" ಎಂದು ಆಕೆಯ ಜೊತೆ ಬಂದಿದ್ದ ನಿಜಲಿಂಗಪ್ಪನವರು ಮೆಲ್ಲಗೆ ಕೇಳಿದರು.

ಬನಶ್ರೀ ಬಕೆಟ್ಟನ್ನು ನೋಡಿದಳು, ಪರದೆಯನ್ನು ನೋಡಿದಳು. ಉದ್ದ ಪಟ್ಟಿಯನ್ನು ಇನ್ನೊಮ್ಮೆ ಒತ್ತಿದಳು. ಸೈನಿಕ ಜಿಗಿದು, ಇಳಿದು, ಮುಂದಿನ ಅಪ್ಪಣೆಗಾಗಿ ನಿಂತ. ಆಕೆ ವೈರು ಕಿತ್ತು, ಕೀಬೋರ್ಡನ್ನು ಎರಡೂ ಕೈಯಿಂದ ಹಿಡಿದು ನೀರಿಗೆ ಇಳಿಸಿದಳು. ಗುಳ್ಳೆಗಳು ನಿಲ್ಲುವವರೆಗೆ ಒತ್ತಿ ಹಿಡಿದಳು.  ಚಪ್ಪಾಳೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಯಮನೂರ ಮತ್ತು ರೇಷ್ಮಾ ಬಂದು ಕೈ ಕುಲುಕಿ, ಚಲೋ ಆಡಿದಿ, ಎಂದು ಅಭಿನಂದಿಸಿದರು.

ಗಜೇಂದ್ರಗಡದ ಬಸ್ಸಿನಲ್ಲಿ ನಿಜಲಿಂಗಪ್ಪನವರು ರಾಜ್ಯಮಟ್ಟದ ಸೂಚನಾಪತ್ರವನ್ನು ಗಟ್ಟಿಯಾಗಿ ಓದಿದರು. ಅಲ್ಲಿಗೆ ಹೋಗುವವರು ಅದೇ ಕೀಬೋರ್ಡನ್ನೂ, ಜೊತೆಗೆ ಪ್ರಮಾಣೀಕರಿಸಿದ ಮೌಸ್ ಒಂದನ್ನೂ ತರತಕ್ಕದ್ದು ಎಂದಿತ್ತು. ಅವರು ಠರಾವು ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡು, ಯಾವ ಬಣ್ಣದ್ದು ತರಿಸೋಣ ಎಂದು ಕೇಳಿದರು.

ಬನಶ್ರೀ ಕೂಟದಲ್ಲಿ ಕುತ್ತಿಗೆಗೆ ಹಾಕಿದ್ದ ಪದಕವನ್ನು ಸರಿಮಾಡಿಕೊಂಡು ಸ್ವಲ್ಪ ಹೊತ್ತು ವಿಚಾರ ಮಾಡಿದಳು.

"ಕಪ್ಪು ಬ್ಯಾಡ್ರಿ ಕಾಕಾ," ಎಂದಳು. "ಕಪ್ಪು ಲಗೂನ ಬಣ್ಣ ಬಿಡ್ತೈತಿ."

ನಿಜಲಿಂಗಪ್ಪನವರು ಅದನ್ನು ಬರೆದುಕೊಂಡು, ಆಕೆಯ ಸಹಿ ತೆಗೆದುಕೊಂಡರು.